ದಯವಿಟ್ಟು ರಿವರ್ಟ್ ಮಾಡಿ!

‘ಸ್ವಾಮಿ, ನಮ್ ಪೋಡಿ ಅರ್ಜಿಗೆ ಇಂಗ್ಲಿಷ್ ಕಾಗದ ಬಂದೈತೆ. ಏನಿದು?’ ತಿಮ್ಮಣ್ಣ ಕೇಳಿದ.

‘ಪ್ಲೀಸ್ ರಿವರ್ಟ್ ಬ್ಯಾಕ್ ಅಂತ ಬರೆದಿದೀನಿ. ಅಂದ್ರೆ ಉತ್ತರ ಕೊಡಿ ಅಂತ’ ಎಂದರು ಗುಮಾಸ್ತ ಸುಬ್ರಾಯರು.

‘ನಮ್ ಮಗಳು ಡಿಕ್ಷನರಿ ನೋಡಿದ್ಲು. ಮೊದಲಿದ್ದ ಸ್ಥಿತಿಗೇ ವಾಪಸ್ ಹೋಗೋದು ಅಂತೈತಂತೆ. ನಾನೂ ಅದನ್ನೇ ಮಾಡೋಕ್ ನೋಡ್ದೆ. ಅರ್ಜಿ ಕೊಟ್ಟಾಗ ತಲೆಕೂದ್ಲು ಕಪ್ಪಗಿತ್ತು, ಚಪ್ಪಲಿ ಹೊಸದಿತ್ತು. ಆಗ್ತಾ ಇಲ್ಲ ಸ್ವಾಮಿ!’

‘ಎಲ್ಲಾರೂ ಹೀಗೇ ಬರೆಯೋದಪ್ಪ! ಸಾಹೇಬ್ರಿಗೂ ನಿನ್ನೆ ಬರೆದೆ, ಕೈಂಡ್ಲಿ ರಿವರ್ಟ್ ಮಿ ಅಂತ.’

ಜವಾನ ರಂಗ ಹೌಹಾರಿದ: ‘ಅದಕ್ಕೇನಾ ಸಾರ್! ಸಾಹೇಬ್ರು ಸರ್ವೀಸ್ ರೂಲ್ಸ್ ಪುಸ್ತಕ ತರಿಸ್ಕೊಂಡ್ರು. ತಾನಾಗೇ ಹಿಂಬಡ್ತಿ ಕೇಳೋ ನೌಕರನ್ನ ಇದೇ ಮೊದಲು ನೋಡಿದ್ದು ಅಂತ ಕಣ್ಣೊರೆಸಿಕೊಂಡು ಸೈನ್ ಹಾಕಿದ್ರು. ನೀವೀಗ ದ್ವಿತೀಯ ದರ್ಜೆ!’

‘ಅಯ್ಯೋ! ವಾಕ್ಯದಲ್ಲಿ ಏನ್ ತಪ್ಪಿತ್ತೋ?’

‘ಗ್ರಾಮರ್ ಕರೆಕ್ಟಾಗಿದೆ ಅಂದ್ರು ಸಾರ್. ಅದಕ್ಕೇ ಮಂಜೂರಾಯ್ತು.’

‘ಅಲ್ಲಾ ಸ್ವಾಮಿ, ಕನ್ನಡವೇ ಆಡಳಿತ ಭಾಷೆ ಅಂತ 1963ರಲ್ಲೇ ಕಾಯ್ದೆ ಆಗೈತಂತಲ್ಲ?’

‘ಆಗಿದೆ, ಆಗಿದೆ. ಜಾರಿ ಮಾಡೋಕೆ ಫೈಲೂ ಓಡಾಡ್ತಿದೆ.’

‘ಎಲ್ಲೈತೆ?’

‘ರಿವರ್ಟಿಗೆ ಕಾಯ್ತಿದೆ.’

‘ಹಂಗಾರೆ ನೀವೇ ಕನ್ನಡಕ್ಕೆ ರಿವರ್ಟ್ ಆಗ್ಬುಡಿ. ಪದ ಸರಿಯಾಗ್ ಬಳಸಿದ್ನಾ ಸ್ವಾಮಿ?’

‘ಭೇಷ್! ಆದ್ರೂ ಮೇಲಿನ ಅನುಮತಿ ಬೇಕಲ್ಲ. ರಂಗ, ಪೇಪರ್ ತಾ, ಸಾಹೇಬ್ರಿಗೆ ಇನ್ನೊಂದು ಲೆಟರ್ ಬರೀತೀನಿ.’

ರಂಗ ಪೆನ್ನು ಕಸಿದುಕೊಂಡ: ‘ಬೇಡಿ ಸಾರ್! ಇನ್ನೊಂದ್ಸಲ ರಿವರ್ಟ್ ಅಂದ್ರೆ ಉಳಿದಿರೋದು ನನ್ನ ಪೋಸ್ಟ್ ಒಂದೇ!’