ಮ್ಯಾಂಚೆಸ್ಟರ್ ಮೀಮಾಂಸೆ

ಕೊಯಮತ್ತೂರಿಗೆ ‘ದಕ್ಷಿಣ ಭಾರತದ ಮ್ಯಾಂಚೆಸ್ಟರ್’ ಎಂಬ ಬಿರುದಿರುವುದು ಲೋಕಪ್ರಸಿದ್ಧ. ಆದರೆ ಅದನ್ನು ಯಾರು, ಯಾರ ಮುಂದೆ, ಯಾವ ಹೊತ್ತಿನಲ್ಲಿ ಬಳಸುತ್ತಾರೆ ಎಂಬುದರತ್ತ ಶಾಸ್ತ್ರಕಾರರು ಇದುವರೆಗೆ ಕಣ್ಣು ಹಾಯಿಸಿದಂತಿಲ್ಲ. ಈ ಲೋಪ ಸರಿಪಡಿಸಲು ನಗರದ ಉತ್ತರಕ್ಕೆ, ಮೇಟ್ಟುಪಾಳ್ಯಂ ರಸ್ತೆಯ ಮೇಲಿರುವ ತುಡಿಯಲೂರನ್ನು ಅಧ್ಯಯನಕ್ಕೆ ಆರಿಸಿಕೊಳ್ಳಲಾಗಿದೆ. ಈ ಊರು ಕೊಯಮತ್ತೂರು ಮಹಾನಗರಪಾಲಿಕೆಗೆ ಸೇರಿದ್ದು 2011ರಲ್ಲಿ. ಹೊಸ ಸೊಸೆಗೆ ಮನೆತನದ ಬಿರುದಿನ ಮೇಲೆ ಅಭಿಮಾನ ಒಂದು ಗುಲಗಂಜಿ ಹೆಚ್ಚೇ ಇರಬೇಕೆಂಬ ಊಹೆಯಿಂದ ಹೊರಟೆವು.

ಮೊದಲು ಲಕ್ಷಣ. ಹತ್ತಿ, ಗಿರಣಿ, ಚಿಮಣಿ ಮೂರೂ ಕೂಡಿದಲ್ಲಿ ಮ್ಯಾಂಚೆಸ್ಟರತ್ವ ಸಿದ್ಧಿಸುತ್ತದೆ. ಕೊಯಮತ್ತೂರಿಗೆ ಅದು 1888ರಲ್ಲಿ ರಾಬರ್ಟ್ ಸ್ಟೇನ್ಸ್ ತೆರೆದ ಗಿರಣಿಯಿಂದ ಬಂತು. 1910ರಲ್ಲಿ ಲಕ್ಷ್ಮಿ ಮಿಲ್ಸ್ ಬಂತು. 1932ರಲ್ಲಿ ನೀಲಗಿರಿಯ ಪೈಕಾರದಿಂದ ಕರೆಂಟು ಇಳಿದು ಬಂದ ಮೇಲೆ ಗಿರಣಿಗಳಿಗೆ ಲೆಕ್ಕವೇ ಇಲ್ಲದಾಯಿತು. ಇಲ್ಲಿ ಪೂರ್ವಪಕ್ಷಿ ಕೆಮ್ಮುತ್ತಾನೆ: ‘ಸ್ವಾಮಿ, ಇಲ್ಲಿನ ಗಿರಣಿಗಳು ಹೆಚ್ಚಾಗಿ ನೂಲು ತೆಗೆದವು. ಮೂಲ ಮ್ಯಾಂಚೆಸ್ಟರಿನ ಸೀಮೆಯಲ್ಲಿ ನೂಲಿಗೆ ಹೆಸರಾದದ್ದು ಓಲ್ಡ್‌ಹ್ಯಾಂ, ನೇಯ್ಗೆಗೆ ಬರ್ನ್‌ಲಿ. ಮ್ಯಾಂಚೆಸ್ಟರ್ ಹೆಚ್ಚಾಗಿ ಗೋದಾಮು ಇಟ್ಟುಕೊಂಡು ವ್ಯಾಪಾರ ಮಾಡಿದ ಊರು.’ ಆಕ್ಷೇಪ ನ್ಯಾಯವಾದದ್ದೇ. ಆದರೆ ‘ದಕ್ಷಿಣ ಭಾರತದ ಓಲ್ಡ್‌ಹ್ಯಾಂ’ ಎಂದರೆ ಯಾವ ಸಭೆಯಲ್ಲಿ ಚಪ್ಪಾಳೆ ಬಿದ್ದೀತು? ಆದಕಾರಣ ಪೂರ್ವಪಕ್ಷ ನಿರಸ್ತ.

ಇನ್ನು ಬಹುತ್ವದ ಪ್ರಶ್ನೆ. ಭಾರತದ ಮ್ಯಾಂಚೆಸ್ಟರ್ ಅಹಮದಾಬಾದು, ಮಹಾರಾಷ್ಟ್ರದ್ದು ಇಚಲಕರಂಜಿ, ಫಿನ್ಲೆಂಡಿನದು ತಾಂಪೆರೆ, ನಮ್ಮದು ದಾವಣಗೆರೆ. ಒಂದೇ ಆತ್ಮ ಇಷ್ಟು ದೇಹ ತಳೆದದ್ದಕ್ಕೆ ಅದ್ವೈತಿಗಳು ಆಕ್ಷೇಪಿಸಲಾರರು. ದಾವಣಗೆರೆಯದಂತೂ ವಿಶೇಷ ಪ್ರಕರಣ. ಗಿರಣಿಗಳು ನಿಂತ ಮೇಲೆ ಅದು ಬಿರುದನ್ನು ಸದ್ದಿಲ್ಲದೆ ಮಡಿಚಿಟ್ಟು ಬೆಣ್ಣೆದೋಸೆ ಹಿಡಿಯಿತು. ಕೊಯಮತ್ತೂರು ಗಿರಣಿಯ ಜೊತೆಗೆ ಪಂಪುಸೆಟ್ಟು, ವೆಟ್ ಗ್ರೈಂಡರುಗಳತ್ತಲೂ ತಿರುಗಿತು. ಅಲ್ಲಿನ ಗ್ರೈಂಡರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಹೀಗೆ ಒಂದು ಮ್ಯಾಂಚೆಸ್ಟರಿನ ಕಲ್ಲಲ್ಲಿ ರುಬ್ಬಿದ ಹಿಟ್ಟು ಇನ್ನೊಂದು ಮ್ಯಾಂಚೆಸ್ಟರಿನ ಕಾವಲಿ ಮೇಲೆ ಚುಂಯ್ ಎನ್ನುವಾಗ, ಮೂಲ ಮ್ಯಾಂಚೆಸ್ಟರಿಗೆ ಇದರ ಸುಳಿವೂ ಇಲ್ಲ. ಆ ಸೀಮೆಯ ಹಳೆ ಮಗ್ಗ, ಕದಿರುಗಳನ್ನು ಗುಜರಿಗೆ ಹಾಕಿದವರಿಗೆ 1959ರಲ್ಲಿ ಅಲ್ಲಿನ ಸರ್ಕಾರ ಕಾನೂನು ಮಾಡಿ ದುಡ್ಡು ಕೊಟ್ಟಿತು. ಈಗ ಆ ಊರಿನ ಹೆಸರು ಹೇಳಿದರೆ ಮಕ್ಕಳಿಗೆ ನೆನಪಾಗುವುದು ಫುಟ್‌ಬಾಲು.

ಕನ್ನಡಿಗರಿಗೆ ಈ ಆಸ್ತಿಯಲ್ಲಿ ಒಂದು ಪಾಲೂ ಇತ್ತು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಲ್ಲಿಯ ರೇಷ್ಮೆ ನೇಕಾರರು ತಾವು ಮ್ಯಾಂಚೆಸ್ಟರ್ ಜಿಲ್ಲೆಯವರೆಂಬ ಪರಿವೆಯೇ ಇಲ್ಲದೆ ಮೈಸೂರು ರಾಜ್ಯಕ್ಕೆ ಬಂದುಬಿಟ್ಟರು. ಪರಿಹಾರ ಕೇಳಿದ್ದು ಎಲ್ಲೂ ಕಾಣೆ.

ಈಗ ಪ್ರಯೋಗ ಭಾಗ. ಕೊಯಮತ್ತೂರು ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗರು ತಲೆಮಾರುಗಳಿಂದ ಇದ್ದಾರೆ. ಕುಲಕಸುಬು ನೇಯ್ಗೆ, ಬಿರುದಿನ ಮೊದಲ ಹಕ್ಕುದಾರರು ಇವರೇ ತಾನೆ? ತುಡಿಯಲೂರಿನ ಜಗಲಿಯೊಂದರ ಮೇಲೆ ನುಗ್ಗೆಸೊಪ್ಪು ಬಿಡಿಸುತ್ತಿದ್ದ ಅಜ್ಜಿಯನ್ನು ಕೇಳಿದೆವು.

‘ಅಜ್ಜಿ, ಮ್ಯಾಂಚೆಸ್ಟರ್ ಗೊತ್ತಾ ನಿಮಗೆ?’

‘ಯಾವ ಬನಿಯನ್ ಕಂಪೆನಿಯಪ್ಪ ಅದು? ತಿರುಪ್ಪೂರುದಾ?’

ಇದನ್ನು ಅಜ್ಞಾನವೆಂದು ತಳ್ಳಿಹಾಕಬಾರದು. ಪಕ್ಕದ ತಿರುಪ್ಪೂರು ‘ಡಾಲರ್ ಸಿಟಿ’ ಎನಿಸಿಕೊಂಡಿರುವಾಗ, ಇಂಗ್ಲಿಷ್ ಹೆಸರೆಂದರೆ ಬನಿಯನ್ನಿನ ಕತ್ತುಪಟ್ಟಿಯ ಲೇಬಲ್ಲು ಎಂದು ತಿಳಿಯುವುದು ಶುದ್ಧ ಅನುಮಾನಪ್ರಮಾಣ. ಮಿಲ್ಲಿನ ಅಗ್ಗದ ಬಟ್ಟೆ ಹಡಗಿನಲ್ಲಿ ತಂದು ಸುರಿದು ಇಲ್ಲಿಯ ಕೈಮಗ್ಗಗಳ ಅನ್ನ ಕಿತ್ತ ಸೀಮೆಯ ದೊಡ್ಡ ಪೇಟೆಯೇ ಅದು ಎಂದು ವಿವರಿಸಿದೆವು. ಅಜ್ಜಿ ಸೊಪ್ಪಿನ ಕಡ್ಡಿ ಆಚೆ ಎಸೆದು, ‘ಮಗ್ಗ ಮುರಿದೋರ ಹೆಸರು ನಮ್ಮೂರಿಗೆ ಯಾಕಿಟ್ರು?’ ಎಂದರು. ಶಾಸ್ತ್ರದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

ಬಸ್ಸಿನಲ್ಲೂ ಪರೀಕ್ಷೆ ನಡೆಯಿತು. ‘ಮ್ಯಾಂಚೆಸ್ಟರ್ ಒಂದು’ ಎಂದು ಚಿಲ್ಲರೆ ನೀಡಿದರೆ ಕಂಡಕ್ಟರು ತಲೆಯೆತ್ತದೆ, ‘ಗಾಂಧಿಪುರಮಾ, ಉಕ್ಕಡಮಾ?’ ಎಂದ. ಬಿರುದು ಜೀವಂತವಾಗಿ ಓಡಾಡುವುದು ಶಾಲೆಯ ಪ್ರಬಂಧದ ಮೊದಲ ಸಾಲಿನಲ್ಲಿ, ಮಂತ್ರಿಗಳ ಭಾಷಣದಲ್ಲಿ, ಸೈಟು ಮಾರುವವರ ಕರಪತ್ರದಲ್ಲಿ. ಸಿದ್ಧಾಂತ: ಇದು ಊರಿನವರು ಪರವೂರಿನವರಿಗೆ ಹೇಳುವ ಹೆಸರು, ಊರಿನವರಿಗೆ ಊರಿನವರು ಹೇಳಿದರೆ ಗೇಲಿ ಎಂದು ಅರ್ಥ.

ಹಾಗಾದರೆ ತುಡಿಯಲೂರಿಗರ ಬಾಯಲ್ಲಿ ದಿನಬಳಕೆಯ ಇಂಗ್ಲಿಷ್ ಅಡ್ಡಹೆಸರು ಒಂದೂ ಇಲ್ಲವೇ? ಇದೆ. ತುಡಿಯಲೂರು ಸಹಕಾರಿ ಕೃಷಿ ಸೇವಾ ಸಂಘದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಪೋಣಿಸಿದರೆ ‘ಟ್ಯೂಕಾಸ್’. ಅದಕ್ಕೆ ಬಿಡಿಸಿ ಹೇಳುವ ಅಗತ್ಯವಿಲ್ಲ, ಭಾಷಣ ಬೇಕಿಲ್ಲ, ಎರಡನೆಯ ಟ್ಯೂಕಾಸ್ ಫಿನ್ಲೆಂಡಿನಲ್ಲೂ ಇಲ್ಲ. ಅದರ ಮೇಲೆ ಯಾರೂ ಪ್ರಬಂಧ ಬರೆದಿಲ್ಲ. ಅಲ್ಲಿಗೆ ಹೋಗುವವರು ಗೊಬ್ಬರಕ್ಕೆ ಹೋಗುತ್ತಾರೆ.