ಬಾನೆಟ್ ಮೀಮಾಂಸೆ

ಹಳೆಯ ಕಾರಿನಲ್ಲಿ ದೂರದ ಊರಿಗೆ ಹೊರಡುವ ಕ್ರಿಯೆಯನ್ನು ಇದುವರೆಗಿನ ವಿದ್ವತ್ತು 'ಪ್ರಯಾಣ' ಎಂಬ ಏಕಮುಖಿ ಪರಿಭಾಷೆಯಲ್ಲಿ ಗ್ರಹಿಸುತ್ತ ಬಂದಿರುವುದು ಒಂದು ಜ್ಞಾನಮೀಮಾಂಸಾತ್ಮಕ ಪ್ರಮಾದ. ಪ್ರಸ್ತುತ ಪ್ರಬಂಧವು ಬೆಂಗಳೂರಿನಿಂದ ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಹೋಗಿಬರುವ, 1960ರ ದಶಕದ ಒಂದು ಅಂಬಾಸಿಡರನ್ನು ಪಠ್ಯವಾಗಿಟ್ಟುಕೊಂಡು, ಚಲನ-ಅಚಲನಗಳ ದ್ವಂದ್ವಾತ್ಮಕ ಅನುಸಂಧಾನದ ನೆಲೆಯಲ್ಲಿ 'ನಿಲ್ಲುವಿಕೆ'ಯ ಸಂಕಥನವನ್ನು ಮರುಓದಿಗೆ ಒಡ್ಡುತ್ತದೆ. (ಗಾಡಿ ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ ಎಂದಷ್ಟೇ ಬರೆದರೆ ವಿಚಾರ ಸಂಕಿರಣದಲ್ಲಿ ಶಾಲು ಹೊದಿಸುವುದಿಲ್ಲ.) ಅಧ್ಯಯನದ ವ್ಯಾಪ್ತಿ: ಬಾನೆಟ್ಟಿನ ಕೆಳಗಿರುವುದೆಲ್ಲ. ಮಿತಿ: ಡಿಕ್ಕಿಯಲ್ಲಿರುವ ಸ್ಟೆಪ್ನಿಗೆ ಗಾಳಿ ಇದೆಯೋ ಇಲ್ಲವೋ ಎಂಬುದು. ಪ್ರಮೇಯ: ಹಳೆಯ ಕಾರಿನ ಅರ್ಧ ಕಬ್ಬಿಣ, ಇನ್ನರ್ಧ ಅದನ್ನು ಬಿಚ್ಚಿ ಜೋಡಿಸಬಲ್ಲ ಮನುಷ್ಯರ ಕೈ; ಗಾಡಿ ದೂರ ಹೋಗಿ ಅಲ್ಲಲ್ಲಿ ಕೈಕೊಟ್ಟಾಗಲಷ್ಟೇ ಈ ಎರಡೂ ಅರ್ಧಗಳು ಭೇಟಿಯಾಗುತ್ತವೆ.

ಪೂರ್ವಸೂರಿಗಳ ಸ್ಮರಣೆ ಪ್ರಬಂಧಧರ್ಮ. ಈ ಶಾಸ್ತ್ರದ ಆದ್ಯ ಪ್ರವರ್ತಕಿ ಬೆರ್ಥಾ ಬೆಂಜ್. 1888ರ ಆಗಸ್ಟಿನಲ್ಲಿ ಆಕೆ ಗಂಡನಿಗೆ ತಿಳಿಸದೆ, ಇಬ್ಬರು ಹುಡುಗರನ್ನು ಕೂರಿಸಿಕೊಂಡು, ಅವನೇ ಕಟ್ಟಿದ ಮೂರು ಚಕ್ರದ ಗಾಡಿಯಲ್ಲಿ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರುಮನೆಗೆ ಹೊರಟಳು. ನೂರು ಕಿಲೋಮೀಟರ್ ದಾಟಿದ ಈ ಹಾದಿ ಮೋಟಾರುವಾಹನದ ಮೊದಲ ದೂರಪ್ರಯಾಣವೆಂದು ಪ್ರಸಿದ್ಧ. ಆದರೆ ಆ ಯಾತ್ರೆಯಿಂದ ಲೋಕದ ನೆನಪಿನಲ್ಲಿ ಉಳಿದದ್ದು ಏನು? ಕಟ್ಟಿಕೊಂಡ ಇಂಧನದ ಕೊಳವೆಯನ್ನು ಆಕೆ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದ್ದು, ಕಾಲುಚೀಲದ ಪಟ್ಟಿಯನ್ನು ತಂತಿಗೆ ಸುತ್ತಿದ್ದು, ವೀಸ್ಲೋಖಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡದ್ದು, ಸವೆದ ಬ್ರೇಕಿನ ಬ್ಲಾಕುಗಳಿಗೆ ಬೂಟು ಹೊಲಿಯುವವನಿಂದ ತೊಗಲು ಹೊಡೆಸಿದ್ದು. ಸರಾಗವಾಗಿ ಸಾಗಿದ ಮೈಲಿಗಳ ಬಗ್ಗೆ ಒಂದಕ್ಷರವೂ ಯಾರಿಗೂ ನೆನಪಿಲ್ಲ. ಪ್ರಯಾಣದ ಇತಿಹಾಸವೆಂದರೆ ನಿಲುಗಡೆಗಳ ಇತಿಹಾಸ ಎಂಬುದಕ್ಕೆ ಇದಕ್ಕಿಂತ ಪ್ರಬಲವಾದ ಆಕರ ಬೇಕಿಲ್ಲ. ಅಂದಹಾಗೆ, ಔಷಧಿ ಅಂಗಡಿಯವನೂ ಬೂಟಿನವನೂ ಇಲ್ಲದಿದ್ದರೆ ಬೆಂಜ್ ಸಾಹೇಬರ ಪೇಟೆಂಟು ಅಂದು ತವರು ಮುಟ್ಟುತ್ತಿರಲಿಲ್ಲ.

ಇನ್ನು ವರ್ಗೀಕರಣ. ಅದಿಲ್ಲದ ಶಾಸ್ತ್ರ ಶಾಸ್ತ್ರವೇ ಅಲ್ಲವಾದ್ದರಿಂದ ನಿಲುಗಡೆಗಳನ್ನು ಪಂಚಭೂತಗಳ ಆಧಾರದ ಮೇಲೆ ವಿಭಾಗಿಸಬಹುದು. ಮೊದಲನೆಯದು ಅಗ್ನಿಜನ್ಯ: ಸಕಲೇಶಪುರ ದಾಟಿ ಘಾಟಿ ಇಳಿಯುವಾಗ ಸುಮ್ಮನೆ ಬ್ರೇಕ್ ಒತ್ತುತ್ತ ಹೋದರೆ ಡ್ರಮ್ಮು ಕಾದು, ಶೂಗಳ ಹಿಡಿತ ಸಡಿಲವಾಗಿ, ಪೆಡಲು ಒತ್ತಿದರೂ ಗಾಡಿ ತನ್ನ ಪಾಡಿಗೆ ತಾನು ಇಳಿಯುತ್ತದೆ. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬ ಹಳೆಯ ಡ್ರೈವರುಗಳ ಸೂತ್ರ ಇಲ್ಲಿಗೇ ಸಂಬಂಧಪಟ್ಟದ್ದು. ಎರಡನೆಯದು ಜಲಜನ್ಯ, ಮರಳುವ ದಾರಿಯದು: ಗುಂಡ್ಯದಿಂದ ಮೇಲೇರುವಾಗ ಮುಂದೆ ಲೋಡು ಲಾರಿ ಸಿಕ್ಕಿ ವೇಗ ತಗ್ಗುತ್ತದೆ, ಬೆಲ್ಟಿನಿಂದ ತಿರುಗುವ ಫ್ಯಾನು ಎಂಜಿನ್ ತಿರುಗಿದಷ್ಟೇ ಗಾಳಿ ಕೊಡುವುದರಿಂದ ರೇಡಿಯೇಟರ್ ಕುದಿಯುತ್ತದೆ. ತೂತಾಗಿದ್ದರೆ ಅರಿಶಿನದ ಪುಡಿ ಸುರಿದು ಸೋರಿಕೆ ಕಟ್ಟುವುದು ದೇಸಿ ಚಿಕಿತ್ಸೆ. ಪೆಟ್ರೋಲ್ ಟ್ಯಾಂಕು ಸೋರಿದರೆ ಸೋಪು ಮೆತ್ತುವ ಪರಂಪರೆಯೂ ಉಂಟು. ಮನೆಯ ಅಡುಗೆಮನೆ, ಬಚ್ಚಲುಮನೆ ಎರಡೂ ಹೀಗೆ ಬಾನೆಟ್ಟಿನ ವಿಸ್ತರಣೆಗಳಾಗುತ್ತವೆ. ಮೂರನೆಯದು ವಾಯುಜನ್ಯ, ಎಲ್ಲಕ್ಕಿಂತ ತಾತ್ತ್ವಿಕವಾದದ್ದು. ಎಂಜಿನ್ನಿನ ಝಳಕ್ಕೆ ಪೆಟ್ರೋಲು ಪೈಪಿನೊಳಗೇ ಆವಿಯಾಗುತ್ತದೆ. ದ್ರವವನ್ನು ಎಳೆದು ತಳ್ಳಲು ಹುಟ್ಟಿದ ಪಂಪು ಆವಿಯೆದುರು ಸೋಲುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲಿದೆ, ಕಾರ್ಬೊರೇಟರಿನಲ್ಲಿಲ್ಲ: ಇದ್ದೂ ಇಲ್ಲದ ಈ ಸ್ಥಿತಿಯನ್ನು ಅದ್ವೈತಿಗಳು ಅನಿರ್ವಚನೀಯ ಎಂದರೆ ಮೆಕ್ಯಾನಿಕ್ಕುಗಳು 'ಏರ್ ಹಿಡಿದಿದೆ' ಎನ್ನುತ್ತಾರೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಚಹಾ ಕುಡಿದು ಬಂದರೆ ಮಾಯೆ ಕರಗುತ್ತದೆ. ನಾಲ್ಕನೆಯದಾದ ಪೃಥ್ವೀಜನ್ಯ ನಿಲುಗಡೆಗೆ ಶಿರಾಡಿಯ ಗುಂಡಿಗಳನ್ನೂ ಮಳೆಗಾಲದ ಗುಡ್ಡ ಕುಸಿತವನ್ನೂ ಕಂಡವರ ಮುಂದೆ ವ್ಯಾಖ್ಯಾನ ಅನಗತ್ಯ. ಐದನೆಯದಾದ ಆಕಾಶಜನ್ಯ ಏನೆಂದು ಪ್ರಬಂಧಕಾರನಿಗೇ ಹೊಳೆಯದ ಕಾರಣ ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ. ಮೇಲಿನಿಂದ ಬಂದು ಎರಗುವುದೆಲ್ಲ ಆಕಾಶಜನ್ಯ ಎಂದಾದರೆ ಮಾತ್ರ ಒಂದು ಉದಾಹರಣೆ ಇದೆ: ಸರಕಾರಿ ಅಧಿಸೂಚನೆ.

2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನ 'ವಿಂಟೇಜ್'. ಹೊಸದಾಗಿ ಹಾಗೆ ನೋಂದಾಯಿಸಲು 20,000 ರೂಪಾಯಿ; ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಬಿರುದು. ಬಿರುದು ಬಂದ ಮೇಲೆ ಆ ಗಾಡಿ ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಇಂಧನ ತುಂಬಿಸಲು, ದುರಸ್ತಿಗೆ ರಸ್ತೆಗಿಳಿಯಬಹುದು. ದಿನನಿತ್ಯದ ಓಡಾಟ ಕೂಡದು. ಅಂದರೆ ಪೆಟ್ರೋಲ್ ಹಾಕಿಸಿಕೊಂಡು ಬರಬಹುದು, ಹಾಕಿಸಿದ ಪೆಟ್ರೋಲಿನಲ್ಲಿ ಅಜ್ಜಿಯ ಮನೆಗೆ ಹೋಗುವಂತಿಲ್ಲ. ದುರಸ್ತಿ ಮಾಡಿಸಬಹುದು, ದುರಸ್ತಿಗೆ ಬರುವಷ್ಟು ಓಡಿಸುವಂತಿಲ್ಲ. ಬೇಡವೆಂದರೆ ಸಾಮಾನ್ಯ ಗಾಡಿಯಾಗಿಯೇ ಉಳಿಸಿಕೊಳ್ಳಿ ಎನ್ನಬಹುದು. ಉಳಿಸಿಕೊಂಡವರು ಐದೈದು ವರ್ಷಕ್ಕೊಮ್ಮೆ ನವೀಕರಣಕ್ಕೆ ನಿಲ್ಲಬೇಕು. 15 ವರ್ಷ ದಾಟಿದ ಕಾರಿಗೆ 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. ಗೌರವ ಕೊಟ್ಟು ಕೂರಿಸು, ಇಲ್ಲವೇ ದಂಡ ಹಾಕಿ ಓಡಿಸು. ವಯಸ್ಸಾದ ಮನುಷ್ಯರನ್ನು ನಡೆಸಿಕೊಳ್ಳುವ ರೀತಿಯನ್ನೇ ಕಾರಿಗೂ ಅನ್ವಯಿಸಿದ್ದಾರೆ: ವೇದಿಕೆ ಮೇಲೆ ಹಾರ, ಮನೆಯಲ್ಲಿ ಮೂಲೆ.

ಪೂರ್ವಪಕ್ಷಗಳಿಗೆ ಉತ್ತರಿಸದೆ ಸಿದ್ಧಾಂತ ನಿಲ್ಲದು. ಹಳೆಯ ಗಾಡಿ ಹೊಗೆ ಉಗುಳುತ್ತದೆ, ಅಪಘಾತವಾದರೆ ಒಳಗಿದ್ದವರನ್ನು ಕಾಯುವುದಿಲ್ಲ ಎಂಬ ಆಕ್ಷೇಪ ನಿಜ. ಕಾರ್ಬೊರೇಟರಿನ ಎಂಜಿನ್ನಿಗೆ ಇಂದಿನ ಹೊಗೆಶುದ್ಧಿಯ ಸಾಧನಗಳಿಲ್ಲ, ಅಂದಿನ ಸೀಟುಗಳಿಗೆ ಬೆಲ್ಟೂ ಇಲ್ಲ. ಅದಕ್ಕೇ ಆ ಗಾಡಿ ನಿಧಾನ ಹೋಗಬೇಕು, ಕತ್ತಲಾಗುವ ಮೊದಲು ಊರು ಸೇರಬೇಕು, ವರ್ಷಕ್ಕೆ ಒಂದೆರಡು ಸಲವಷ್ಟೇ ಘಾಟಿ ಕಾಣಬೇಕು. ಆದರೆ ಉದ್ದೇಶ ಹೊಗೆಯನ್ನು ತಡೆಯುವುದೇ ಆಗಿದ್ದರೆ ಹೊಗೆಯನ್ನು ಅಳೆದು ಶುಲ್ಕ ಹಾಕಬೇಕಿತ್ತು. ಶುಲ್ಕಕ್ಕೆ ಅಳೆಯುತ್ತಿರುವುದು ಹುಟ್ಟಿದ ತಾರೀಖನ್ನು. ಓಡಿಸಿದರೆ ಮೂಲರೂಪ ಹಾಳಾಗುತ್ತದೆ ಎಂಬುದು ಸಂಗ್ರಾಹಕರ ಆಕ್ಷೇಪ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಸಹ 30 ವರ್ಷ ದಾಟಿದ, ನಿತ್ಯದ ಓಡಾಟಕ್ಕೆ ಬಳಸದ ಗಾಡಿಯನ್ನೇ ಐತಿಹಾಸಿಕ ಎನ್ನುತ್ತದೆ. ಹಾಗಿದ್ದೂ ಅದರದೇ ಟ್ಯೂರಿನ್ ಸನ್ನದು ರಸ್ತೆಯಲ್ಲಿ ಓಡಿಸುವುದನ್ನು ಸಂರಕ್ಷಣೆಯ ಭಾಗವಾಗಿಯೇ ಕಾಣುತ್ತದೆ. ಯಂತ್ರದ ಸ್ವಭಾವವೂ ಅದೇ: ನಿಂತ ಗಾಡಿಯ ಸೀಲುಗಳು ಒಣಗುತ್ತವೆ, ಬ್ರೇಕಿನ ಸಿಲಿಂಡರು ಹಿಡಿದುಕೊಳ್ಳುತ್ತದೆ, ಟ್ಯಾಂಕಿನೊಳಗೆ ತುಕ್ಕು ಏಳುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟಿರುವ ಎಥನಾಲ್ ತೇವವನ್ನು ಹೀರುವುದರಿಂದ ನಿಂತಷ್ಟೂ ಕೇಡು ಹೆಚ್ಚು, ಹಳೆಯ ರಬ್ಬರಿಗಂತೂ ಅದು ಹಗೆ. ಗಾಜಿನ ಮನೆಯೊಳಗೆ ಥಳಥಳಿಸುವ ಕಾರು ಹೊರಗಿನಿಂದ ಮೂಲರೂಪ, ಒಳಗಿನಿಂದ ಹೆಣ.

ಇಲ್ಲಿಂದ ಮುಂದೆ ಪಾರಿಭಾಷಿಕ ಪದಗಳು ಕೈಗೆ ಸಿಗುತ್ತಿಲ್ಲ. ಉತ್ತರಪಾರದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. 2017ರಲ್ಲಿ ಆ ಹೆಸರೊಂದೇ 80 ಕೋಟಿ ರೂಪಾಯಿಗೆ ಪ್ಯೂಜೋ ಕಂಪನಿಗೆ ಮಾರಾಟವಾಯಿತು. ಹೆಸರಿಗೆ 80 ಕೋಟಿ. ಆ ಗಾಡಿಯ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಪಾಯಿಂಟನ್ನು ಎಮರಿ ಪೇಪರಿನಿಂದ ಉಜ್ಜಿ, ಗೇಜು ಇಲ್ಲದೆ ಬರಿಗಣ್ಣಿನಲ್ಲಿ ಗ್ಯಾಪ್ ಹಿಡಿದು, ಎಂಜಿನ್ನಿನ ಸದ್ದು ಕೇಳಿಯೇ ಟೈಮಿಂಗ್ ಕೂರಿಸುತ್ತಿದ್ದವನಿಗೆ ಎಷ್ಟು? ಅವನ ಷೆಡ್ಡಿನ ಜಾಗದಲ್ಲಿ ಈಗ ಕಂಪ್ಯೂಟರಿನ ವಯರು ಚುಚ್ಚಿ ದೋಷ ಓದುವ ಸರ್ವಿಸ್ ಸೆಂಟರಿದೆ. ಅಲ್ಲಿಯ ಹುಡುಗರ ತಪ್ಪೇನಿಲ್ಲ, ಅವರಿಗೆ ಯಾರೂ ಕಂಡೆನ್ಸರ್ ತೋರಿಸಿಲ್ಲ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಕೊನೆಗೊಂಡಾಗ ಪತ್ರಿಕೆಗಳು ಸೊಗಸಾದ ಫೋಟೊ ಹಾಕಿ ಬೀಳ್ಕೊಟ್ಟವು. ಪದ್ಮಿನಿಯ ಬಿಡಿಭಾಗ ಮಾಡುವವರನ್ನೂ ಅದನ್ನು ಬಲ್ಲ ಕೈಗಳನ್ನೂ ಅಷ್ಟು ಕಾಲ ಸಾಕಿದ್ದು ದಿನವಿಡೀ ದುಡಿದು ದಿನವೂ ಕೆಡುತ್ತಿದ್ದ ಆ ಟ್ಯಾಕ್ಸಿಗಳು. ಯಾವ ಸಂಗ್ರಹಾಲಯವೂ ಅಲ್ಲ. ಕಾರು ಹೋದರೆ ಇನ್ನೊಂದನ್ನು ಗುಜರಿಯಲ್ಲಿ ಹುಡುಕಬಹುದು. ಕೈ ಮರೆತದ್ದನ್ನು ಯಾವ ಗುಜರಿಯಲ್ಲಿ ಹುಡುಕುವುದು?

ಸಂಯಮ ತಪ್ಪಿದ್ದಕ್ಕೆ ಕ್ಷಮೆ ಇರಲಿ. ಪ್ರಬಂಧದ ಪ್ರಯೋಜನವೊಂದು ಹೇಳುವುದು ಬಾಕಿ ಇದೆ. ನಿಯಮದಲ್ಲಿ 'ತಾಂತ್ರಿಕ ಸಂಶೋಧನೆ' ಎಂಬ ಮಾತು ಇದೆಯಷ್ಟೆ. ಹೊರಡುವವರು ಈ ಬರಹದ ಒಂದು ಪ್ರತಿಯನ್ನು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟುಕೊಳ್ಳಬಹುದು. ತಡೆದು ಕೇಳಿದವರಿಗೆ ಮೊದಲ ಪ್ಯಾರಾವನ್ನು ಓದಿ ಹೇಳಿದರೆ ಸಾಕು. ಅನುಸಂಧಾನ, ಸಂಕಥನ ಎಂದೆಲ್ಲ ಅಷ್ಟೊಂದು ತುರುಕಿದ್ದು ಅದಕ್ಕಾಗಿಯೇ. ಅಜ್ಜಿಯ ಮನೆ ಕ್ಷೇತ್ರಕಾರ್ಯ, ಅಜ್ಜಿ ಮಾಹಿತಿದಾರರು, ಅಲ್ಲಿ ತಿಂದ ನೀರುದೋಸೆ ಪೂರಕ ಸಾಮಗ್ರಿ. ಆದರೂ ನಂಬದಿದ್ದರೆ ಗಾಡಿಯನ್ನು ರಸ್ತೆ ಬದಿಗೆ ತೆಗೆದು ಬಾನೆಟ್ ಎತ್ತಿ ನಿಲ್ಲಿಸಿ. ದುರಸ್ತಿಗೆ ಅನುಮತಿ ಇದೆ.