ಹಡಗಿನ ಮೇಷ್ಟ್ರು

ಉರುಕುಂದದಲ್ಲಿ ಈರಣ್ಣಸ್ವಾಮಿಯ ದರ್ಶನವನ್ನು ಮುಗಿಸಿ ಹೊರಬಂದ ಭಕ್ತನು, ಚಪ್ಪಲಿ ಬಿಟ್ಟ ಸ್ಥಳವನ್ನು ಮರೆತು ಕ್ಷಣಕಾಲ ಅತ್ತಿತ್ತ ನೋಡುತ್ತ ನಿಂತನೆಂದರೆ, ಅವನು ನಮ್ಮ ಹಡಗಿನ ಮೇಷ್ಟ್ರ ಕೈಗೆ ಸಿಕ್ಕನೆಂದೇ ತಿಳಿಯಬೇಕು. ಅರಳಿಯ ಮರದ ನೆರಳು, ಚಹದಂಗಡಿಯ ಹಲಗೆ, ಕೌತಾಳದ ಬಸ್ಸು ನಿಲ್ಲುವ ಜಾಗ, ಈ ಮೂರರಲ್ಲಿ ಒಂದು ಕಡೆ ಅವರು ಸದಾ ಸನ್ನಿಹಿತರು. “ಯಾವ ಊರಿನವರು ತಾವು?” ಎಂಬ ನಿರುಪದ್ರವಿಯಾದ ಪ್ರಶ್ನೆಯಿಂದ ಆರಂಭ, ಬಂದವನು ರಾಯಚೂರೆನ್ನಲಿ, ಸಿರುಗುಪ್ಪವೆನ್ನಲಿ, ಮೂರನೆಯ ವಾಕ್ಯದೊಳಗೆ ರಾಟರ್‌ಡ್ಯಾಮು ಬಂದೇ ತೀರುವುದು.

ಮೇಷ್ಟ್ರು ಮೂವತ್ತಕ್ಕೂ ಮಿಕ್ಕಿ ವರ್ಷ ಆದವಾನಿ ಸೀಮೆಯ ಕನ್ನಡ ಶಾಲೆಗಳಲ್ಲಿ ಚರಿತ್ರೆಯನ್ನು ಬೋಧಿಸಿದವರು; ನಾನು ಅವರ ಬೆತ್ತದ ಪರಿಚಯವುಳ್ಳ ಶಿಷ್ಯರಲ್ಲೊಬ್ಬ. ಬಳ್ಳಾರಿ ಜಿಲ್ಲೆಯ ಪ್ರಜೆಯಾಗಿ ಹುಟ್ಟಿದ ಅವರು, 1953ರ ಅಕ್ಟೋಬರ್ 1ರಂದು, ಮೂರು ತಿಂಗಳ ಕೂಸಾಗಿರುವಾಗಲೇ, ತೊಟ್ಟಿಲು ಒಂದಂಗುಲವೂ ಕದಲದೆ ಆಂಧ್ರರಾಜ್ಯಕ್ಕೆ ಸೇರಿಹೋದರು. ಮಲಗಿದಲ್ಲಿಯೇ ರಾಜ್ಯವನ್ನು ದಾಟಿದ ಪುಣ್ಯಾತ್ಮರು ಎಪ್ಪತ್ತರ ಅಂಚಿನಲ್ಲಿ ಕುಳಿತಲ್ಲಿಯೇ ಸಮುದ್ರವನ್ನು ದಾಟಿದರೆ ಅದರಲ್ಲಿ ಸೋಜಿಗವೇನು? ಇಂಗ್ಲೆಂಡಿನಲ್ಲಿರುವ ಮಗಳೂ ಅಳಿಯನೂ ಅವರನ್ನು ಸಪತ್ನೀಕರಾಗಿ ಸೌತಾಂಪ್ಟನ್ನಿನಲ್ಲಿ ಒಂದು ವಿಹಾರನೌಕೆಗೆ ಹತ್ತಿಸಿ ತಾವೂ ಜೊತೆಗೆ ಹೊರಟರು. ಆ ಹಡಗು ಒಂದು ದಿನ ಬೆಳಗಿನ ಎಂಟರಿಂದ ಸಂಜೆಯ ಐದರವರೆಗೆ ರಾಟರ್‌ಡ್ಯಾಮಿನ ವಿಲ್ಹೆಲ್ಮಿನಾ ಧಕ್ಕೆಯಲ್ಲಿ ನಿಂತಿತು. ಒಟ್ಟು ಒಂಬತ್ತು ಗಂಟೆ.

ಈ ಒಂಬತ್ತು ಗಂಟೆಗಳ ಜಮಾಖರ್ಚನ್ನು ಮೇಷ್ಟ್ರ ಬಾಯಿಂದ ತಿಳಿಯುವುದು ಅಸಾಧ್ಯ. ಅಮ್ಮನವರು ಅಕ್ಕಿ ಆರಿಸುತ್ತ ಆಗೊಂದು ಈಗೊಂದು ಹೇಳಿದ್ದನ್ನು ಕೂಡಿಸಿ ನಾನು ತಾಳೆ ನೋಡಿದ್ದೇನೆ. ಸಾಲಿನಲ್ಲಿ ನಿಂತು ಹಡಗಿನಿಂದಿಳಿಯಲು ಒಂದೂವರೆ ಗಂಟೆ. ಈರುಳ್ಳಿಯೊಡನೆ ಹಸಿಮೀನನ್ನು ನುಂಗುವವರ ಊರಿನಲ್ಲಿ ಶುದ್ಧ ಶಾಕಾಹಾರದ ಅನ್ವೇಷಣೆಗೆ ಎರಡು. ಕಾಸು ಹಾಕದೆ ಬಾಗಿಲು ತೆರೆಯದ ಶೌಚಾಲಯದೆದುರು, ಇದು ಧರ್ಮಸಮ್ಮತವೇ ಎಂದು ಅಳಿಯನೊಡನೆ ವಾದಿಸಲು ಅರ್ಧ. ಮತ್ತು, ಹಡಗು ಹೊರಟೀತೆಂಬ ಭಯದಿಂದ ಮೊದಲೇ ಹಿಂದಿರುಗಿ ಧಕ್ಕೆಯಲ್ಲಿ ಕುಳಿತದ್ದು ಎರಡೂವರೆ. ಉಳಿದ ಎರಡೂವರೆ ಗಂಟೆಗಳ ಬಂಡವಾಳದಿಂದ ಮೇಷ್ಟ್ರು ಇದುವರೆಗೆ ಮೂರು ವರ್ಷಗಳ ಮಾತಿನ ವ್ಯಾಪಾರವನ್ನು ನಡೆಸಿದ್ದಾರೆ. ಆದವಾನಿಯ ಹತ್ತಿಯ ಸಾಹುಕಾರರೂ ಇಷ್ಟು ಲಾಭವನ್ನು ಕಂಡಿರಲಾರರು.

ಆ ಭಯದ ವಿಷಯದಲ್ಲಿ ಅವರನ್ನು ಹಳಿಯಲಾಗದು. ಜನ್ಮವೆಲ್ಲ ಕೌತಾಳದ ಬಸ್ಸನ್ನು ನಂಬಿ ಬದುಕಿದವನಿಗೆ, ವಾಹನವೆಂಬುದು ತನ್ನ ಇಚ್ಛೆಯಂತೆ ಬಂದು ತನ್ನ ಇಚ್ಛೆಯಂತೆ ಹೋಗತಕ್ಕ ದೈವವೆಂಬ ನಂಬಿಕೆ ರಕ್ತಗತವಾಗಿರುತ್ತದೆ. “ಹಡಗಿನ ಕೊಳವಿ ಕಾಣದ ಕಡಿ ಒಂದ್ ಹೆಜ್ಜಿ ಇಡ್ಲಿಲ್ಲಪ್ಪ ನಿಮ್ಮ ಮೇಷ್ಟ್ರು,” ಎಂದರು ಅಮ್ಮನವರು. 802 ಮೀಟರಿನ ಎರಾಸ್ಮಸ್ ಸೇತುವೆಯನ್ನು ಅವರು ಹಿಂದುಹಿಂದಕ್ಕೆ ತಿರುಗಿ ನೋಡುತ್ತಲೇ ದಾಟಿದರಂತೆ. 1984ರಲ್ಲಿ ಪೀಟ್ ಬ್ಲಾಮನೆಂಬ ಶಿಲ್ಪಿ ಕಟ್ಟಿ ಮುಗಿಸಿದ, ಮೂಲೆಯ ಮೇಲೆ ನಿಲ್ಲಿಸಿದ ಪಗಡೆಯ ದಾಳಗಳಂತಿರುವ ಹಳದಿ ಮನೆಗಳ ಬಳಿಗೆ ಬಂದಾಗ ಮಾತ್ರ ಕೊಳವೆಯು ಕಟ್ಟಡಗಳ ಹಿಂದೆ ಮರೆಯಾಗಲು, ಅಳಿಯನನ್ನು ಒಳಗೆ ಕಳುಹಿಸಿ ತಾವು ಹೊರಗೇ ನಿಂತರು. ಇದರಿಂದ ಆ ಮನೆಗಳ ಒಳಾಂಗಣದ ವರ್ಣನೆಗೇನೂ ಬಾಧಕವಾಗಿಲ್ಲ. “ಗೋಡೆ ನೆಟ್ಟಗಿಲ್ಲ, ಗೂಟ ಹೊಡೆಯುವ ಹಾಗಿಲ್ಲ. ಇದು ಲಂಬಕೋನವನ್ನು ಅರಿಯದವನ ಕೆಲಸವಲ್ಲ, ಅರಿತೂ ಧಿಕ್ಕರಿಸಿದವನದು,” ಎಂದು ಅವರು ತೀರ್ಪು ಕೊಟ್ಟರೆ, ಮಾಳಿಗೆಯ ಮನೆಯನ್ನು ಕಟ್ಟಿಸುತ್ತಿದ್ದವನೊಬ್ಬನು ತನ್ನ ಮೇಸ್ತ್ರಿಯ ಮೇಲೆ ಹೊಸದಾಗಿ ಸಂಶಯ ತಾಳಿದನು.

ತೇಲುವ ಕೊಟ್ಟಿಗೆಯ ಪ್ರಸಂಗದಲ್ಲಿ ಮಾತ್ರ ಊರು ಅವರ ಕೈಬಿಟ್ಟಿತು. ಬಂದರಿನ ನೀರಿನ ಮೇಲೆ 2019ರಿಂದ ಕೊಟ್ಟಿಗೆಯೊಂದು ತೇಲುತ್ತಿರುವುದೂ, ಅದರಲ್ಲಿ ಮೂವತ್ತು ನಲವತ್ತು ಹಸುಗಳು ಹಾಲು ಕರೆಯುತ್ತಿರುವುದೂ ಅಕ್ಷರಶಃ ನಿಜ. ಆದರೆ ಹಡಗಿನ ಗಾತ್ರವನ್ನು ಹೇಳುವಾಗ ಈರಣ್ಣಸ್ವಾಮಿಯ ಇಡೀ ಜಾತ್ರೆಯನ್ನೇ ಅದರೊಳಗೆ ತುಂಬಿದ್ದವರು ನಿಜವನ್ನು ಹೇಳಿದಾಗ ಯಾರು ನಂಬುವರು? “ಎಮ್ಮಿ ಆದ್ರ ನಂಬ್ತಿದ್ವಿ,” ಎಂದು ಒಬ್ಬನು ಎದ್ದುಹೋದನು.

ಅವರಿಗೆ ಅತ್ಯಂತ ಪ್ರಿಯವಾದ ವಿಷಯವೆಂದರೆ ನೀರು. ತುಂಗಭದ್ರೆಯ ಕಾಲುವೆಯ ಬಾಲದಲ್ಲಿ, ಬಂದರೆ ಬಂತು ಇಲ್ಲವಾದರೆ ಇಲ್ಲ ಎಂಬ ನೀರನ್ನು ಕಾಯುತ್ತ ಕುಳಿತ ಜನರೆದುರಿಗೆ, ಸಮುದ್ರಮಟ್ಟಕ್ಕಿಂತ ಕೆಳಗೆ ಮನೆಮಾಡಿಕೊಂಡು ಹಗಲಿರುಳೂ ನೀರನ್ನು ಹೊರಗೆಸೆಯುವ ಡಚ್ಚರ ಸಂಕಟವನ್ನು ವರ್ಣಿಸುವುದರಲ್ಲಿ ಒಂದು ಕ್ರೌರ್ಯವಿದೆಯೆಂಬುದು ಅವರಿಗೆ ಹೊಳೆದಂತಿಲ್ಲ. ಚರಿತ್ರೆಯ ಮೇಷ್ಟ್ರಾದುದರಿಂದ ಇಸವಿಗಳಲ್ಲಿ ತಪ್ಪುವುದಿಲ್ಲ: ನಮ್ಮ ಅಣೆಕಟ್ಟಿನಲ್ಲಿ ನೀರು ನಿಂತ 1953ರಲ್ಲಿಯೇ, ಫೆಬ್ರವರಿ 1ರ ಮುಂಜಾವಿನಲ್ಲಿ, ಅಲ್ಲಿ ಕಡಲು ದಂಡೆಯನ್ನೊಡೆದು 1836 ಜನರನ್ನು ಕೊಂದಿತು, ಆ ಬಳಿಕ ಅವರು ಕಟ್ಟುತ್ತ ಕಟ್ಟುತ್ತ ಬಂದು, 1997ರಲ್ಲಿ ಬಂದರಿನ ಬಾಯಿಗೇ ಎರಡು ಕದಗಳನ್ನಿಟ್ಟರು, ಒಂದೊಂದೂ 210 ಮೀಟರು. ಈ ಕದಗಳ ನಡುವೆ ಹಡಗು ಹಾದ ಹೊತ್ತಿನಲ್ಲಿ ಮೇಷ್ಟ್ರು ಗೊರಕೆ ಹೊಡೆಯುತ್ತಿದ್ದರು. ನಸುಕಿನಲ್ಲೆದ್ದು ಕಿಟಕಿಯಿಂದ ಅವನ್ನು ಕಂಡವರು ಅಮ್ಮನವರು. ಅವರು ಆ ವಿಷಯವನ್ನು ಯಾರಿಗೂ ಹೇಳಿಕೊಂಡವರಲ್ಲ.

“ಆ ನೀರು ಉಪ್ಪೇನ್ರಿ, ಸೀಯೇನ್ರಿ?” ಎಂದು ಚಹದಂಗಡಿಯ ಅವ್ವ ಒಂದು ದಿನ ಕೇಳಿದಳು. ಮೇಷ್ಟ್ರು ಸೇತುವೆಯ ಕಂಬದ ಎತ್ತರವನ್ನು ಹೇಳಿದರು.

ಒಂಬತ್ತು ಗಂಟೆಯಲ್ಲಿ ಊರನ್ನು ಕಂಡಂತಾಯಿತೇ ಎಂದು ನಾನೇ ಒಮ್ಮೆ ಧೈರ್ಯ ಮಾಡಿ ಕೇಳಿದ್ದುಂಟು. “ಎರಾಸ್ಮಸ್ ಮಹಾಪಂಡಿತ ಆ ಊರಲ್ಲಿ ಹುಟ್ಟಿ, ಹಾಲುಹಲ್ಲು ಬೀಳುವ ಮೊದಲೇ ಊರು ಬಿಟ್ಟ. ಸೇತುವೆಗೆ ಅವನ ಹೆಸರೇ ಇಟ್ಟಿಲ್ಲವೇನೋ?” ಎಂದರು. ಅನಂತರ, ನಾನು ಕೇಳದಿದ್ದರೂ, ಸ್ವರವನ್ನು ತಗ್ಗಿಸಿ ಇನ್ನೊಂದನ್ನು ಹೇಳಿದರು. 1940ರ ಮೇ 14ರಂದು ಜರ್ಮನರ ವಿಮಾನಗಳು ಆ ಪಟ್ಟಣದ ನಡುಭಾಗವನ್ನು ಸುಟ್ಟು ಬೂದಿಮಾಡಿದವು. ಬಾಂಬಿನ ಮಳೆ ಕಾಲು ಗಂಟೆಯೂ ಸುರಿಯಲಿಲ್ಲ. ಅಲ್ಲಿ ಕಾಣುವುದೆಲ್ಲ ಹೊಸತಾಗಿರುವುದು ಆ ಕಾರಣದಿಂದ. “ಕಾಲು ಗಂಟೆ ಕಣೋ. ನಾನು ನಿಮಗೆ ಹಾಜರಿ ಕೂಗುವಷ್ಟು ಹೊತ್ತು.” ಮೇಷ್ಟ್ರು ಉಪನ್ಯಾಸವನ್ನು ಮರೆತು ಮಾತನಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಶ್ರಾವಣದಲ್ಲಿ ಬಂದ ಯಾತ್ರಿಕರ ಮೇಲೆ ಅವರಿಗೆ ವಿಶೇಷವಾದ ಕೋಪ. ಬಸ್ಸಿನಿಂದಿಳಿದು, ಅರ್ಧ ಗಂಟೆಯಲ್ಲಿ ಕಾಯಿ ಒಡೆಸಿ, ಪ್ರಸಾದ ಕಟ್ಟಿಸಿಕೊಂಡು, ಉರುಕುಂದವನ್ನು ನೋಡಿದೆವೆಂದು ಹೇಳಿಕೊಂಡು ಹೋಗುವರಂತೆ! “ಒಂದು ಊರನ್ನು ಅರಿಯಬೇಕಾದರೆ ಅಲ್ಲಿ ಎರಡು ರಾತ್ರಿಯಾದರೂ ಕಳೆಯಬೇಕು,” ಎಂದು ಕಳೆದ ಶ್ರಾವಣದಲ್ಲಿ ಅವರು ಸಿಂಧನೂರಿನ ಒಂದು ಕುಟುಂಬಕ್ಕೆ ಬೋಧಿಸುತ್ತಿದ್ದಾಗ, ಲೋಟ ತೊಳೆಯುತ್ತಿದ್ದ ಅವ್ವ ತಲೆಯೆತ್ತದೆ ಕೇಳಿದಳು: “ಆ ಊರಾಗ ನಿಮ್ಮನ್ನ ಮನಿಗೆ ಯಾರರ ಕರದ್ರೇನ್ರಿ ಮೇಷ್ಟ್ರಾ? ಒಂದ್ ತುತ್ತು ಉಣ್ಣಾಕ?”

ಈ ಸಲ ಕಂಬದ ಎತ್ತರ ಬರಲಿಲ್ಲ.

“ಊರಿನವರು ಯಾರೂ ಇಲ್ಲವ್ವ,” ಎಂದರು ಸ್ವಲ್ಪ ತಡೆದು. “ಹಡಗಿನ ಅಡುಗೆಮನೆಯಲ್ಲಿ ಒಬ್ಬ ಹುಡುಗ, ಮಂಗಳೂರಿನ ಕಡೆಯವನು. ನಮ್ಮ ಮಾತು ಕೇಳಿ ಗುರುತು ಹಿಡಿದ. ಎಲ್ಲರ ಊಟವಾದ ಮೇಲೆ ಎರಡು ಬಟ್ಟಲು ಮೊಸರನ್ನ ತಂದಿಟ್ಟು, ನಾವು ಉಣ್ಣುವುದನ್ನೇ ನೋಡುತ್ತ ನಿಂತಿದ್ದ. ಆ ಧಕ್ಕೆಗೆ ಹನ್ನೊಂದು ಸಲ ಬಂದಿದ್ದನಂತೆ. ಒಂದು ಸಲವೂ ಕೆಳಗಿಳಿದಿರಲಿಲ್ಲವಂತೆ.”

ಕೌತಾಳದ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಮೇಷ್ಟ್ರು ಎದ್ದು, ಪಂಚೆಯ ಧೂಳನ್ನು ಕೊಡವಿಕೊಂಡು, ಅದು ಬರುವ ದಾರಿಯ ಕಡೆಗೆ ಮುಖಮಾಡಿ ನಿಂತರು.